ಹಿಟ್ಟಿನ ಡಬ್ಬಿಯಲ್ಲಿಟ್ಟ ಫೋನು

ಡಯಾಲಿಸಿಸ್ ಕೋಣೆಯ ಹೊರಗೆ ನಾನು ಒಗೆದು ಬಂದ ಹಾಸುಬಟ್ಟೆಗಳನ್ನು ಮಡಚುತ್ತಿದ್ದೆ. ಎದುರಿನ ಬೆಂಚಿನಲ್ಲಿ ಒಬ್ಬ ಅತ್ತೆ, ಸೊಸೆ ಬಹಳ ಹೊತ್ತಿನಿಂದ ಕೂತಿದ್ದರು. ಅತ್ತೆಯ ಮಗ ಒಳಗೆ ಡಯಾಲಿಸಿಸ್‌ಗೆ ಮಲಗಿದ್ದ.

“ನಿನ್ನೆ ಆಸ್ಪತ್ರೆಯೋರು ಎಷ್ಟು ಸಲ ಫೋನ್ ಮಾಡಿದ್ರಂತೆ?” ಎಂದರು ಅತ್ತೆ.

“ಐದು ಸಲ. ಕಿಡ್ನಿ ಸಿಕ್ಕಿದೆ, ತಕ್ಷಣ ಹೊರಟು ಬನ್ನಿ ಅನ್ನೋಕೆ. ಯಾರೂ ಎತ್ಲಿಲ್ಲ ಅಂತ ಪಟ್ಟೀಲಿ ಇವರ ನಂತರ ಇದ್ದೋರಿಗೆ ಕೊಟ್ರು. ನಿಮ್ಮ ಮಗನ ಫೋನ್ ಎಲ್ಲಿಟ್ಟಿದ್ರಿ ಅತ್ತೆ?”

“ಹಿಟ್ಟಿನ ಸ್ಟೀಲ್ ಡಬ್ಬೀಲಿ. ಮಧ್ಯಾಹ್ನ ಅವನು ಮಲಗಿದಾಗೆಲ್ಲ ಅಲ್ಲೇ ಇಡ್ತೀನಿ. ಮುಚ್ಚಳ ಬಿಗಿಯಾಗಿ ಹಾಕಿದ್ರೆ ಫೋನಿನ ಕೆಟ್ಟ ಅಲೆ ಆಚೆ ಬರಲ್ಲ ಅಂತ.”

“ಒಳಗೂ ಹೋಗಲ್ಲ.”

“ದಿಂಬಿನ ಹತ್ರ ಫೋನ್ ಇಟ್ಕೊಂಡೇ ಅವನ ಕಿಡ್ನಿ ಕೆಟ್ಟಿದ್ದು ಅನ್ಕೊಂಡೆ ಕಣೇ.”

“ಬಿಪಿಯಿಂದ ಕೆಟ್ಟಿದ್ದು ಅಂತ ಡಾಕ್ಟ್ರು ಬಾಯಿ ಬಡ್ಕೊಂಡ್ರು. ನಿಮಗೆ ಅವರಿಗಿಂತ ಎದುರುಮನೆ ಟೈಲರಮ್ಮನೇ ದೊಡ್ಡ ಡಾಕ್ಟ್ರು.”

“ಅವಳೂ ಡಬ್ಬೀಲೇ ಇಡ್ತಾಳೆ.”

“ಅವಳು ನಾಲ್ಕು ವರ್ಷದಿಂದ ಒಂದು ಫೋನ್‌ಗೋಸ್ಕರ ಕಾಯ್ತಿಲ್ಲ.”

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು.

“ಅವನಿಗೆ ಹೇಳಿದ್ಯಾ?”

“ಹೇಗೆ ಹೇಳ್ಲಿ? ಈಗ ಒಳಗೆ ಹೋಗೋವಾಗ್ಲೂ ಕೇಳಿದ್ರು, ಆಸ್ಪತ್ರೆಯಿಂದ ಏನಾದ್ರೂ ಫೋನ್ ಬಂತಾ ಅಂತ.”

“ಏನಂದೆ?”

“ಬಂದಿಲ್ಲ ಅಂದೆ.”

ನರ್ಸ್ ಬಾಗಿಲು ತೆರೆದು, ಮುಗಿಯಿತು, ಕರೆದುಕೊಂಡು ಹೋಗಿ ಎಂದಳು. ಸೊಸೆ ಎದ್ದು ಹಿಂದೆ ನೋಡದೆ ಒಳಗೆ ನಡೆದಳು. ಅತ್ತೆ ಚೀಲದಿಂದ ಫೋನು ತೆಗೆದು, ಅಂಚಿಗೆ ಮೆತ್ತಿದ್ದ ಹಿಟ್ಟನ್ನು ಬೆರಳಿನಿಂದ ಒರೆಸಿ, ನರ್ಸಿನ ಹಿಂದೆಯೇ ಹೊರಟರು.

“ಸಿಸ್ಟರ್, ಈಗ ಆಚೆಗೆ ತೆಗ್ದಿದ್ದೀನಿ. ಇನ್ನೊಂದ್ಸಲ ಫೋನ್ ಮಾಡೋಕೆ ಹೇಳಿ.”