ಅಂಗಡಿಗೆ ಕಾಲು ಬರಬೇಕಂತೆ

...ನಾನು ಆ ಗಾಜಿನ ಬಾಗಿಲನ್ನ ತಳ್ತೀನಿ, ತಳ್ತೀನಿ, ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ! ಒಳಗಡೆಯಿಂದ ಆ ಬೂಟಂಗಡಿ ಹುಡುಗಿ ‘ಎಳೀರಿ, ಎಳೀರಿ’ ಅಂತ ಕೈಸನ್ನೆ ಮಾಡ್ತಿದಾಳೆ. ನಂಗೇನು ಗೊತ್ತು? ಪಾಪ, ಟಾಟಾ ಮಾಡ್ತಿದಾಳೆ ಅಂದ್ಕೊಂಡು ನಾನೂ ತಿರುಗಿ ಟಾಟಾ ಮಾಡ್ದೆ!

ಅಯ್ಯೋ, ನಗಬೇಡ ಕಣೋ! ದವಡೆ ಬಿಗಿದು ಕಟ್ಟಿದಾರೆ, ನಕ್ಕರೆ ಹೊಲಿಗೆ ಹಿಡಿದೆಳೆಯುತ್ತೆ ಅಂತ ಸಿಸ್ಟರಮ್ಮ ಹೇಳಿಲ್ವಾ? ಬಂದ್ರೆ ನನ್ನನ್ನೇ ಬೈತಾಳೆ. ‘ಅಜ್ಜಿ, ನಿಮ್ಮನ್ನ ಒಳಗೆ ಬಿಟ್ಟಿದ್ದು ಮೊಮ್ಮಗನ್ನ ನೋಡ್ಕೊಳ್ಳೋಕಾ, ನಗಿಸೋಕಾ’ ಅಂತಾಳೆ. ಕಣ್ಣಲ್ಲಿ ನಗು. ಕಣ್ಣಲ್ಲಿ ನಕ್ಕರೆ ಯಾವ ಹೊಲಿಗೇನೂ ಬಿಚ್ಚಲ್ಲ.

ಹಾಂ, ಹಾಗೆ.

ಹುಟ್ಟಿದಾಗಿಂದ ಬಾಯಿಗೆ ಬಿಡುವು ಕೊಟ್ಟವನಲ್ಲ ನೀನು. ಈಗ ಬಾಯಿಗೆ ಬೀಗ ಹಾಕಿದ್ರೆ ಬೆರಳಲ್ಲೇ ಊರು ಆಳ್ತೀಯ! ಮೊನ್ನೆ ಎಚ್ಚರ ಆದ ತಕ್ಷಣ ಏನು ಮಾಡಿದೆ ಹೇಳು? ಕೈಯೆತ್ತಿ ಕೆಳಗಡೆ ತೋರಿಸಿದೆ. ಆಮೇಲೆ ಗಾಳಿಯಲ್ಲಿ ಸರ್ರಂತ ಜಿಪ್ಪು ಎಳೆದೆ. ನಾನು, ಮಗುಗೆ ಒಂದಕ್ಕೆ ಬಂದಿದೆ ಅಂತ ಸಿಸ್ಟರಮ್ಮನ್ನ ಕೂಗಿ ಪಾತ್ರೆ ತರಿಸಿದೆ. ನೀನು ಅಲ್ಲ ಅಲ್ಲ ಅಂತ ಕೈ ಬೀಸ್ತೀಯ, ಅವಳು ಪಾತ್ರೆ ಹಿಡ್ಕೊಂಡು ದ್ವಾರಪಾಲಕರ ಹಾಗೆ ನಿಂತಿದಾಳೆ... ಕೊನೆಗೆ ಹೊಳೆದಿದ್ದು ನಿಮ್ಮಮ್ಮಂಗೆ. ‘ಬೂಟು, ಅಮ್ಮ. ಬೂಟು ಬದಲಾಯಿಸ್ಕೊಂಡು ಬಾ ಅಂತಿದಾನೆ, ಗಡುವು ಮುಗಿಯುತ್ತಂತೆ’ ಅಂದಳು. ಅಂದವಳೇ ಎದ್ದು ಹೋದಳು... ಕಣ್ಣಿಗೆ ಏನೋ ಬಿತ್ತಂತೆ. ಅವಳ ಕಣ್ಣು ಗೊತ್ತಲ್ಲ, ಊರಲ್ಲಿರೋ ಧೂಳೆಲ್ಲ ಅಲ್ಲಿಗೇ ಬರಬೇಕು. ಈಗಲೂ ಹೊರಗಡೆ ಬೆಂಚಿನ ಮೇಲೇ ಕೂತಿದಾಳೆ. ಬರ್ತಾಳೆ. ಬರ್ತಾಳೆ ಬಿಡು.

ಮಧ್ಯಾಹ್ನ ಡಾಕ್ಟರು ಪಟ್ಟಿ ಬಿಚ್ಚಿ ಬದಲಾಯಿಸೋಕೆ ಬರ್ತಾರೆ. ಕುತ್ತಿಗೆಯದ್ದೂ ತೆಗೆದು ನಿನ್ನ ಎಬ್ಬಿಸಿ ಕೂರಿಸ್ತಾರಂತೆ. ‘ನಾವು ಬರೋದ್ರೊಳಗೆ ಮನೆಯವರು ಯಾರಾದ್ರೂ ಒಂದು ಮಾತು...’ ಅಂದ್ರು. ನಿಮ್ಮಮ್ಮ ನನ್ನ ಮುಖ ನೋಡಿದಳು. ನಾನಿದೀನಲ್ಲ, ನಾನು ಹೋಗ್ತೀನಿ, ನನ್ನ ಬಾಯಿ ಯಾವತ್ತಿಗೆ ಇರೋದು ಅಂತ ಒಳಗೆ ಬಂದೆ.

ಏನು ಮಾತು ಅಂದ್ರೆ? ಇದೇ ಕಣೋ. ಬೂಟಿನ ಮಾತು. ಇನ್ನೇನು?

ಕೇಳು, ಕೇಳು. ಒಳಗೆ ಹೋದೆನಾ? ಮೇಜಿನ ಹಿಂದೆ ಯಾರು ಕೂತಿದಾನೆ? ಅವನೇ. ನೀನು ತಗೊಂಡ ವಾರವೇ ವಾಪಸ್ ತಗೊಂಡು ಹೋದಾಗ, ‘ಹೊಸದರಲ್ಲಿ ಹಾಗೇನೇ, ಹಾಕ್ತಾ ಹಾಕ್ತಾ ಕೂತ್ಕೊಳ್ಳುತ್ತೆ’ ಅಂತ ಸಾಗಹಾಕಿದ್ನಲ್ಲ, ಆ ಮಹಾರಾಯನೇ. ಅವತ್ತು ನೀನು ಮನೆಗೆ ಬಂದು ನನ್ನ ಹೆಬ್ಬೆರಳು ಹಿಡಿದು ಒತ್ತಿಸಿದ್ದೆ, ನೆನಪಿದೆಯಾ? ‘ಅಜ್ಜಿ, ಬಲಗಾಲಿನದು ಹರಡಿನ ಹತ್ರ ಒತ್ತು. ಈಗ ಎಡಗಾಲಿನದು ಒತ್ತು.’ ಬಲಗಡೆ ಕಲ್ಲು. ಎಡಗಡೆ ಕಿವಿಯ ಹಾಲೆ! ಒಳಗೆ ಒಂದು ಗಟ್ಟಿ ಬಟ್ಟಲಿನ ಹಾಗೆ ಇಡಬೇಕಂತೆ, ಬಿದ್ದಾಗ ಕಾಲಿನ ಗೆಣ್ಣು ಕಾಯೋಕೆ ಅಂತ. ಒಂದರಲ್ಲಿ ಇಟ್ಟಿದಾರೆ, ಇನ್ನೊಂದರಲ್ಲಿ ಇಡೋದೇ ಮರೆತಿದಾರೆ. ಹೊಲಿದವನು ಯಾವನೋ, ಅವನ ಗಮನ ಎಲ್ಲಿತ್ತೋ... ಹೆಂಡತಿ ಜೊತೆ ಜಗಳ ಆಡ್ಕೊಂಡು ಬಂದಿದ್ನೋ ಏನೋ.

ಆದರೂ ನೀನು ಹಾಕ್ಕೊಂಡು ಹೋದೆ. ಪಾರ್ಸೆಲ್ ಕೆಲಸಕ್ಕೆ ಬೂಟಿಲ್ಲದೆ ಗಾಡಿ ಹತ್ತಿಸಲ್ಲ ಅಂತ. ನಾನೂ ಬೇಡ ಅನ್ನಲಿಲ್ಲ. ‘ಹೋಗೋ ಗಾಳಿರಾಯ, ಚಂದ್ರನ ಮೇಲೆ ಇಳಿಯೋನ ಹಾಗೆ ಕಾಣ್ತೀಯ’ ಅಂತ ನಕ್ಕೆ. ಇರಲಿ.

ಮೇಜಿನ ಮೇಲೆ ಇಟ್ಟೆ ಎರಡನ್ನೂ. ಬಲಗಾಲಿನದು ಮೊದಲು. ಆಮೇಲೆ ಪ್ಲಾಸ್ಟಿಕ್ ಚೀಲ ಬಿಚ್ಚಿ ಎಡಗಾಲಿನದು. ಅವನು ಮೂಗು ಮುಚ್ಚಿಕೊಂಡು, ‘ಏನಮ್ಮ ಇದು, ಮೇಲಿಂದ ಕೆಳಗಿನವರೆಗೂ ಕತ್ತರಿಸಿದಾರೆ! ಕತ್ತರಿಸಿದ್ದು ನಾವು ತಗೊಳ್ಳಲ್ಲ’ ಅಂದ. ‘ನಾನು ಕತ್ತರಿಸಿಲ್ಲಪ್ಪ, ಆಸ್ಪತ್ರೆಯವರು’ ಅಂದೆ.

ಯಾಕೋ ಹಾಗೆ ನೋಡ್ತೀಯ? ಕತ್ತರಿಸದೆ ಇನ್ನೇನು ಮಾಡ್ತಾರೆ? ಆ ವ್ಯಾನಿನವನು ತಾಗಿಸಿ ಗಾಡಿ ಎಡಗಡೆ ಮಗುಚಿದಾಗ ಜಿಪ್ಪು ಬಾಗಿ ಕಚ್ಚಿಕೊಂಡಿತ್ತು. ಕೂತ್ಕೊಂಡು ಬಿಡಿಸ್ತಾ ಇರ್ತಾರಾ? ನಿನ್ನ ಶರ್ಟು ಕತ್ತರಿಸಿದ್ರು, ಆ ಒಳ್ಳೇ ಪ್ಯಾಂಟು ಕತ್ತರಿಸಿದ್ರು. ಆಸ್ಪತ್ರೆಯವರ ಕೈಗೆ ಕತ್ತರಿ ಕೊಟ್ರೆ ಅವರು ಏನು ಬೇಕಾದ್ರೂ ಕ...

ನೀರು ಕುಡೀತೀಯಾ? ಒದ್ದೆ ಹತ್ತಿ ತುಟಿಗೆ ಒತ್ತಲಾ? ಬೇಡ್ವಾ? ನಂಗೇ ಒಣಗ್ತಿದೆ ಬಾಯಿ. ತಾಳು, ಒಂದು ಗುಟುಕು.

ಏನು? ಕೆಳಗಡೆ ಏನು? ಮತ್ತೆ ತುರಿಕೆನಾ? ಎಡಗಾಲಿನ... ಹೆಬ್ಬೆರಳಾ? ಇರು, ಇರು, ಈ ಹೊದಿಕೆ ಕೆಳಗೆ ಕಮಾನು ಬೇರೆ ಇಟ್ಟಿದಾರೆ. ಯಾಕೆ ಅಂದ್ರೆ... ಬಟ್ಟೆ ತಾಗಬಾರದು ಅಂತ ಕಣೋ, ಗಾಳಿ ಆಡಲಿ ಅಂತ. ಕುತ್ತಿಗೆ ಎತ್ತಬೇಡ! ಪಟ್ಟಿ ಇದೆ, ಎತ್ತಿದ್ರೂ ಕಾಣಲ್ಲ. ನಾನಿದೀನಲ್ಲ. ಹಾಂ... ಸಿಕ್ತು. ಇಲ್ಲೇನಾ? ಚೆನ್ನಾಗಿ ಕೆರೆದೆ ನೋಡು. ಸಾಕಾ? ಇನ್ನೂ ಸ್ವಲ್ಪನಾ?

ನಿನ್ನೆ ಕೆರೆದಾಗ ಹೆಬ್ಬೆಟ್ಟೆತ್ತಿ ‘ಸರಿಹೋಯ್ತು’ ಅಂದಿದ್ದೆ. ಇವತ್ತು ಯಾಕೆ ಸುಮ್ಮನಿದೀಯ?

ಸರಿ, ನಿದ್ದೆ ಮದ್ದಿನ ಮಂಪರು ಇರಬೇಕು. ಮುಂದೆ ಕೇಳು. ಇಲ್ಲಿಂದಾನೇ ಮಜಾ ಇರೋದು.

ಅವನು ಆಗಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟ. ನಾನು ಬಿಡ್ತೀನಾ? ಅಲ್ಲಿ ಬೂಟು ಹಾಕಿ ನೋಡೋಕೆ ಅಂತ ಒಂದು ಮೋಟು ಸ್ಟೂಲಿದೆಯಲ್ಲ, ಅದರ ಮೇಲೆ ಗಟ್ಟಿಯಾಗಿ ಕೂತೆ. ‘ನೀನು ಬದಲಾಯಿಸಿ ಕೊಡೋವರೆಗೂ ನಾನು ಏಳಲ್ಲಪ್ಪ. ನಂಗೆ ಮನೇಲಿ ಎಳೇ ಮಕ್ಕಳಿಲ್ಲ, ಒಲೆ ಮೇಲೆ ಏನೂ ಇಟ್ಟು ಬಂದಿಲ್ಲ’ ಅಂದೆ. ಒಬ್ಬ ಗಿರಾಕಿ ಬಂದ, ದಪ್ಪ ಮೀಸೆಯವನು. ಅವನಿಗೆ ಸ್ಟೂಲು ಬೇಕು. ನಾನು ಜಗ್ಗಲಿಲ್ಲ, ಬಗ್ಗಲಿಲ್ಲ. ‘ಬಾರಪ್ಪ, ನೀನೂ ಒತ್ತಿ ನೋಡು’ ಅಂದೆ. ಒತ್ತಿದ. ಬಲಗಡೆ ಒತ್ತಿದ, ಎಡಗಡೆ ಒತ್ತಿದ. ‘ಇದರಲ್ಲಿ ಏನೂ ಇಲ್ವಲ್ರೀ!’ ಅಂದ. ಸಾಕ್ಷಿ ಸಿಕ್ತಾ ಇಲ್ವಾ? ಆ ಹುಡುಗಿಯನ್ನೂ ಕರೆದು ಒತ್ತಿಸಿದೆ. ಕತ್ತರಿಸಿದ ಜಾಗದಲ್ಲಿ ಒಳಗಿನ ಬಟ್ಟೆ ಬಿಡಿಸಿ ತೋರಿಸಿದೆ. ಬಟ್ಟೆ, ಬಟ್ಟೆ ಹಿಂದೆ ಚರ್ಮ, ಅಷ್ಟೇ. ಅಂಗಡಿಗೆ ಅಂಗಡೀನೇ ಬಂದು ಒತ್ತಿತು ಅಂದ್ಕೋ. ಅವನೊಬ್ಬನೇ ಒತ್ತಲಿಲ್ಲ. ಕೈ ಹಿಂದೆ ಕಟ್ಕೊಂಡು ನಿಂತಿದ್ದ.

ನಗು ಬರಲಿಲ್ವಾ? ಮೀಸೆಯವನ ಮುಖ ನೋಡಿದ್ರೆ ನೀನು ಬಿದ್ದು ಬಿದ್ದು ನಗ್ತಿದ್ದೆ.

ಕೊನೆಗೆ ಅವನಿಗೂ ಮುಖ ಉಳೀಬೇಕಲ್ಲ? ‘ಆಯ್ತಮ್ಮ, ಕೊಡೋಣ. ಆದ್ರೆ ಹೀಗೆ ಕೈಗೆ ಕೊಡೋ ಹಾಗಿಲ್ಲ. ನಮ್ಮಲ್ಲಿ ಒಂದು ಕ್ರಮ ಇದೆ. ಈ ಬೂಟಿಗೆ ಕಾಲೇ ಬರಬೇಕು’ ಅಂದ. ‘ಹಾಕಿಸ್ತೀವಿ, ನಿಲ್ಲಿಸ್ತೀವಿ, ಬಗ್ಗಿಸ್ತೀವಿ, ಮುಂದೆ ಬೆರಳು ಒತ್ತುತ್ತಾ, ಹಿಂದೆ ಹಿಮ್ಮಡಿ ಜಾರುತ್ತಾ ನೋಡ್ತೀವಿ. ಸಡಿಲ ಇರೋದು ಕೊಟ್ಟು ನಾಳೆ ಏನಾದ್ರೂ ಆದ್ರೆ ನಮ್ಮ ತಲೆಗೆ ಬರುತ್ತೆ. ಹೋಗಿ, ಮೊಮ್ಮಗನ್ನ ಕರ್ಕೊಂಡು ಬನ್ನಿ. ಎರಡೂ ಕಾಲು ಬರಬೇಕು’ ಅಂದ.

ಎಂಥಾ ಕ್ರಮ ನೋಡು! ನಾಳೆ ಏನಾದ್ರೂ ಆದ್ರೆ ಅಂತೆ.

ಅದಕ್ಕೆ ನಾನು... ಏನೋ ಅಂದೆ. ಅವನು ಒಪ್ಪಿಕೊಂಡ.

ಆಮೇಲೆ ಆ ಹುಡುಗಿ ನೀರು ತಂದುಕೊಟ್ಟಳು, ಒಳ್ಳೇ ತಣ್ಣಗಿನ ನೀರು. ಮೀಸೆಯವನು ಬೂಟೂ ಬೇಡ ಏನೂ ಬೇಡ ಅಂತ ಸದ್ದಿಲ್ಲದೆ ಹೊರಟುಹೋದ. ಇವನು ಒಳಗೆ ಹೋಗಿ ಪೆಟ್ಟಿಗೆ ತಂದ, ದಾರ ಕಟ್ಟಿದ. ಎಷ್ಟು ಸಲ ಸುತ್ತಿದ್ರೂ ಗಂಟೇ ಬೀಳಲೊಲ್ಲದು. ನಾನೇ ಹಾಕಿದೆ ಗಂಟು. ಆಮೇಲೆ ರಸ್ತೆ ದಾಟಿಸಿ ಬಸ್ಸಿನವರೆಗೂ ಬಂದ ಕಣೋ! ಚೀಲ ಅವನೇ ಹಿಡ್ಕೊಂಡಿದ್ದ.

ಹೂಂ? ಯಾಕೆ ಹಾಸಿಗೆ ತಟ್ತೀಯ? ಏನು ಬೇಕು?

ಏನಂದೆ ಅಂತಾನಾ? ಯಾರಿಗೆ, ಅವನಿಗಾ? ನೆನಪಿರುತ್ತೇನೋ ನಂಗೆ? ಬಾಯಿಗೆ ಬಂದಿದ್ದು ಅಂದಿರ್ತೀನಿ. ಬೈದಿರ್ತೀನಿ. ನನ್ನ ಬೈಗುಳ ಗೊತ್ತಲ್ಲ ನಿಂಗೆ, ಕೇಳಿದ್ರೆ ಗೋಡೆ ಸುಣ್ಣ ಉದುರುತ್ತೆ.

ತಟ್ಟಬೇಡ ಮಗನೇ. ಸೂಜಿ ಚುಚ್ಚಿರೋ ಕೈ ಅದು.

ಬೈಯ್ಯಲಿಲ್ಲ. ನಿಜ ಹೇಳ್ತೀನಿ. ಬೈಯ್ಯೋಣ ಅಂತಾನೇ ಹೋಗಿದ್ದೆ, ದಾರಿಯುದ್ದಕ್ಕೂ ಮಸೆದಿಟ್ಕೊಂಡಿದ್ದೆ. ಆ ಬೂಟಲ್ಲೇ ಎರಡು ಬಾರಿಸಬೇಕು ಅಂತಿದ್ದೆ. ಆದ್ರೆ ನಾನು ಆ ಮಾತು ಅಂದಮೇಲೆ ಅವನು ಎಡಗಾಲಿನದು ಕೈಗೆ ತಗೊಂಡ. ಆಗ ಒತ್ತಿದ, ಹೆಬ್ಬೆರಳಿಟ್ಟು. ಮತ್ತೆ ಒತ್ತಿದ. ಬಿಡಲೇ ಇಲ್ಲ, ಒತ್ತುತ್ತಲೇ ಇದ್ದ. ಅವನ ಮುಖ ಹೇಗಾಯ್ತು ಅಂದ್ರೆ... ಅವನನ್ನೂ ಯಾರೋ ಹೆತ್ತಿದಾರೆ ಅಂತ ನಂಗೆ ಆಗ ಕಾಣಿಸ್ತು. ಕೈ ಏಳಲಿಲ್ಲ.

ಪೆಟ್ಟಿಗೆ ಯಾಕೀಗ? ಡಾಕ್ಟರು ಬಂದು ಹೋಗಲಿ. ಮನೇಲಿ ನೋಡಿದ್ರಾಯ್ತು. ಬೂಟೇನು ಓಡಿಹೋಗುತ್ತಾ?

ಆಯ್ತು, ಆಯ್ತು! ಕಣ್ಣು ದೊಡ್ಡದು ಮಾಡಬೇಡ. ನಿನ್ನ ತಾತನ ಕಣ್ಣು, ಅದೊಂದು ಬಂದುಬಿಟ್ಟಿದೆ ನಿಂಗೆ... ತೆಗೀತೀನಿ. ನಂದೇ ಗಂಟು, ನಂಗೇ ಬಿಚ್ಚೋಕೆ ಬರ್ತಿಲ್ಲ. ಇರು, ಹಲ್ಲಲ್ಲಿ... ಹಾಂ.

ತಗೋ. ಮುಟ್ಟಿ ನೋಡು. ಹೊಸಾ ಚರ್ಮದ ವಾಸನೆ ಬರ್ತಿದೆಯಾ? ಹರಡಿನ ಹತ್ರ ಒತ್ತು. ಗಟ್ಟಿ ಇದೆ ಅಲ್ವಾ? ಕಲ್ಲು! ಸುತ್ತಿಗೆ ತಗೊಂಡು ಹೊಡೆದ್ರೂ ಏನೂ ಆಗಲ್ಲ.

ಹೌದು, ಬಲಗಾಲಿನದು.

ಇನ್ನೊಂದು ಇದೆ ಕಣೋ. ಕೆಳಗೆ ಇರಬೇಕು. ಎಷ್ಟೊಂದು ಕಾಗದ ತುಂಬಿದಾರೆ ನೋಡು ಈ ಜನ... ಬರೀ ಕಾಗದ. ಇದೂ ಕಾಗದ... ಇದೂ...

ಇಲ್ಲ.

ಅವನು ಜೋಡೀನೇ ಇಟ್ಟಿದ್ದ. ಅವನ ಮೇಲೆ ತಪ್ಪು ಹೊರಿಸಬಾರದು. ಗಂಟು ಹಾಕೋ ಮುಂಚೆ ನಾನೇ ಒಂದನ್ನ ಹೊರಗೆ ತೆಗೆದು ಅವನ ಗಾಜಿನ ಮೇಜಿನ ಮೇಲೆ ಇಟ್ಟು ಬಂದೆ, ಆ ಕತ್ತರಿಸಿದ್ದರ ಪಕ್ಕದಲ್ಲೇ. ‘ಇದು ಇಲ್ಲೇ ಇರಲಿ. ನಾಳೆ ಇನ್ನೊಬ್ಬ ಹುಡುಗ ಬಂದು ಒಂದು ಗಟ್ಟಿ ಇದೆ, ಒಂದು ಮೆತ್ತಗಿದೆ ಅಂದ್ರೆ, ಕೂತ್ಕೊಳ್ಳುತ್ತೆ ಅನ್ನೋ ಮೊದಲು ಎರಡನ್ನೂ ಒಂದು ಸಲ ಒತ್ತಿ ನೋಡಪ್ಪ’ ಅಂದೆ. ಅಷ್ಟೇ ಅಂದಿದ್ದು. ಅದು ಕೊನೆಗೆ. ಅದಕ್ಕೆ ಮುಂಚೆ ಅಂದಿದ್ದು...

ಯಾಕೋ ಅಳಲ್ಲ ನೀನು? ಯಾಕೆ ಸುಮ್ಮನೆ ನನ್ನನ್ನೇ ನೋಡ್ತೀಯ? ತಟ್ಟು, ಹಾಸಿಗೆ ತಟ್ಟು. ನನ್ನ ಕೈ ಹಿಂಡು. ಏನಾದ್ರೂ ಮಾಡು, ಕಂದ.

ಮಂಪರಲ್ಲ. ಅಲ್ವಾ? ಆಗಲೇ ಎಡಗಾಲು ತುರಿಸುತ್ತೆ ಅಂದೆಯಲ್ಲ... ನಾನು ಕೆರೆದಿದ್ದು ಬಲಗಾಲಿನದು. ನಿಂಗೆ ಗೊತ್ತಾಯ್ತು. ನಿನ್ನೆಯೇ ಗೊತ್ತಾಗಿತ್ತು, ನನ್ನ ಸಮಾಧಾನಕ್ಕೆ ಹೆಬ್ಬೆಟ್ಟೆತ್ತಿದ್ದೆ. ಅಜ್ಜಿ ಎಲ್ಲಿಗೆ ಕೈ ಹಾಕ್ತಾಳೆ ನೋಡೋಣ ಅಂತ ಇವತ್ತು ಮತ್ತೆ ಕೇಳಿದೆ. ಆಮೇಲೂ ಬಾಗಿಲ ಕಥೆ, ಸ್ಟೂಲಿನ ಕಥೆ, ಮೀಸೆಯವನ ಕಥೆ ಎಲ್ಲ ಕೇಳಿಸ್ಕೊಂಡೆ... ಈ ಮುದುಕಿ ಎಷ್ಟು ಹೊತ್ತು ಸುತ್ತಿ ಬಳಸ್ತಾಳೋ ಸುತ್ತಲಿ ಅಂತ.

ಏನದು? ಎರಡು ಬೆರಳು. ಹೂಂ, ಎರಡು. ‘ಎರಡೂ ಕಾಲು ಬರಬೇಕು’ ಅಂದ ಅವನು. ಕಾಣ್ತಿದೆ ಮಗನೇ, ಎರಡು...

ಮಡಿಸಬೇಡ.

ಮಡಿಸಬೇಡ ಕಂದ, ನನ್ನ ಎದುರಿಗೆ ಮಡಿಸಬೇಡ...

ಅದೇ ಕಣೋ. ಅದನ್ನೇ ಅಂದೆ ನಾನು ಅವನಿಗೆ. ಹಾಗೇ ಎರಡು ಬೆರಳು ಎತ್ತಿ, ಒಂದನ್ನ ಮಡಿಸಿದೆ.