ಹನ್ನೊಂದನೇ ಅಂಗಿ

ಹಲೋ... ಹಾಂ, ಯಾರು ಮಾತಾಡ್ತಿರೋದು? ಈ ಊರಲ್ಲಿ ಚೆಂಡು ಒದ್ದವರಿಗೆಲ್ಲ ಒದೆಯೋದು ಕಲಿಸಿದ ಹೆಂಗಸಿನ ಹತ್ರ ಮಾತಾಡ್ತಿದ್ದೀರಿ, ಅದು ನೆನಪಿರಲಿ. ಸರಿ, ಅದರಲ್ಲಿ ಅರ್ಧ ಸುಳ್ಳು. ಒದೆಯೋದು ಅವರವರೇ ಕಲಿತ್ರು, ಅವರ ಕೆಸರು ಬಟ್ಟೆ ಒಗೆದಿದ್ದು ಮಾತ್ರ ನಾನು. ಈಗ ಹೇಳಿ, ಯಾರು?

...

ಯಾವ ಮಿಡತೆ? ಗೋಡೆ ಗೋಡೆಗೂ ಆಳೆತ್ತರದ ಫೋಟೋ ಅಂಟಿಸಿದ್ದಾರಲ್ಲ, ಚೆಂಡಿಗೆ ಎಗರ್ತಾನೆ ಅಂತ ಊರವರು ಹೆಸರಿಟ್ಟ ಆ ಮಿಡತೆಯಾ? ಅಷ್ಟು ದೊಡ್ಡವರು ನಮ್ಮಂಥವರಿಗೆಲ್ಲ ಯಾಕಪ್ಪಾ ಫೋನ್ ಮಾಡ್ತಾರೆ. ಊರಿಗೆ ಬಂದು ಹದಿನೆಂಟು ದಿನ ಆಯ್ತು, ನನ್ನ ಗೇಟು ದಾಟ್ಕೊಂಡೇ ಮೈದಾನಕ್ಕೆ ಹೋಗ್ತೀಯ, ದೊಡ್ಡಮ್ಮನ ನೆನಪಾಗಿದ್ದು ಇವತ್ತು. ಅಲ್ವಾ?

...

ಹಾಂ, ಚೆನ್ನಾಗಿದ್ದೀನಿ. ನನ್ನ ಸೊಂಟಕ್ಕೆ ನೂರಾಹತ್ತು ವರ್ಷ, ಮಿಕ್ಕಿದ್ದಕ್ಕೆಲ್ಲ ಎಪ್ಪತ್ತೆರಡು. ಬೇಗ ಹೇಳು, ಫೋನು ಕಿವಿಗೂ ಭುಜಕ್ಕೂ ಮಧ್ಯೆ ಸಿಗಿಸ್ಕೊಂಡಿದ್ದೀನಿ, ಕೈಯೆಲ್ಲ ಒದ್ದೆ.

...

ನೋಡ್ದೆ, ನೋಡ್ದೆ, ಟೀವೀಲಿ ನೋಡ್ದೆ. "ತವರು ಕ್ಲಬ್ಬಿನ ಮಣ್ಣು ಕರೀತು, ಬಂದೆ" ಅಂದ್ಯಲ್ಲ. ಹದಿನೈದು ವರ್ಷ ಆ ಮಣ್ಣಿಗೆ ಗಂಟಲು ಕಟ್ಟಿತ್ತೇನೋ, ಪಾಪ. ಆರು ಕ್ಲಬ್ಬಿನವರು ಒಬ್ಬರಾದ ಮೇಲೆ ಒಬ್ಬರು ನಿನ್ನ ಕೈಬಿಟ್ಟ ಮೇಲೇ ಅದಕ್ಕೆ ದನಿ ಬಂದಿದ್ದು.

...

ಕೋಪ ಏನಿಲ್ಲಪ್ಪ. ಒಂದು ವರ್ಷ ಇಪ್ಪತ್ತೆರಡು ಗೋಲು ಹೊಡೆದೆ, ನಾನು ಬೀದಿ ತುಂಬಾ ನಲವತ್ತು ಅಂತ ಹೇಳ್ಕೊಂಡು ಬಂದೆ. ಮಾರನೇ ವರ್ಷ ಪೂರ್ತಿ ನೀನು ಬೆಂಚಿನ ಮೇಲೆ ಕೂತಿದ್ದೆ, ಆಗಲೂ ನಾನು ನಿನ್ನ ಮರ್ಯಾದೆ ಬಿಟ್ಟುಕೊಡಲಿಲ್ಲ. ಬೆಂಚಿಗೆ ಗೆದ್ದಲು ಹತ್ತದ ಹಾಗೆ ನಮ್ಮ ಹುಡುಗ ಕಾಯ್ತಿದ್ದಾನೆ ಅಂದೆ.

...

ಏನು? ನಿನ್ನ ಬಟ್ಟೆ ಗಂಟಲ್ಲಿ ಏನಾದ್ರೂ ಸಿಕ್ತಾ ಅಂತನಾ? ಏನಾದ್ರೂ ಅಂದ್ರೆ ಏನು? ಬಾಯಿ ಬಿಟ್ಟು ಹೇಳು.

...

ಹಾಗೆ ಬಾ ದಾರಿಗೆ. ಮಂಡಿಗೆ ಹಾಕ್ಕೊಳ್ಳೋ ಎಲಾಸ್ಟಿಕ್ ಪಟ್ಟಿ, ಅಲ್ವಾ? ಸಿಕ್ತು. ನೋವಿನ ಮುಲಾಮಿನ ವಾಸನೆ ಮೂರು ಬೀದಿ ಆಚೆಗೂ ಹೊಡೀತಿತ್ತು, ಸಿಗದೆ ಇರುತ್ತಾ? ದೊಡ್ಡ ದೊಡ್ಡ ಊರು ಸುತ್ತಿ ಬಂದ್ರೂ ಹಳೇ ಚಾಳಿ ಬಿಡಲಿಲ್ಲ ನೀನು. ಬಿಚ್ಚಿದ್ದೆಲ್ಲ ಒಟ್ಟಿಗೆ ತುರುಕು, ಕಾಲುಚೀಲದಲ್ಲಿ ಗಂಟು ಹಾಕು, ದೊಡ್ಡಮ್ಮನ ಬಾಗಿಲಿಗೆ ಎಸಿ.

...

ಬರೀ ಹಳೇ ನೋವಾ? ಹೌದಾ? ಯಾರಿಗೆ ಹೇಳ್ತಿದ್ದೀಯ? ಮೂವತ್ತೆಂಟು ವರ್ಷದಿಂದ ನಾನು ಓದಿರೋದು ಚಡ್ಡಿಗಳನ್ನೇ. ಮಂಗಳವಾರದ ತನಕ ನಿನ್ನದರಲ್ಲಿ ಎರಡು ಕಡೆನೂ ಹುಲ್ಲಿನ ಕಲೆ. ಬುಧವಾರದಿಂದ ಎಡಗಡೆ ಮಾತ್ರ ಹಸಿರು, ಬಲಗಡೆ ಮದುಮಗನ ಪಂಚೆ ಥರ ಬೆಳ್ಳಗೆ. ಬಲಕ್ಕೆ ಬೀಳೋದನ್ನೇ ಬಿಟ್ಟಿದ್ದೀಯ. ಮಂಗಳವಾರ ಏನಾಯ್ತು?

...

ಮಂಡಿ ತಿರುಗಿತು. ಆಮೇಲೆ?

...

ಊದಿಕೊಂಡಿದೆ. ಕ್ಲಬ್ ಡಾಕ್ಟರಿಗೆ ಹೇಳಿದ್ಯಾ? ಇಲ್ಲ. ಕೋಚಿಗೆ? ಇಲ್ಲ. ಬಟ್ಟೆ ಒಗೆಯೋಳಿಗೆ ಹೇಳ್ತಿದ್ದೀಯ, ಭಾರಿ ಬುದ್ಧಿವಂತ.

...

ವಾಪಸ್ ಕೊಡೋಣ, ಅದಕ್ಕೇನು. ಒಣಗಿಸೋಕೆ ಹಾಕಿದ್ದೆ. ಎಲ್ಲಿ ಅಂದ್ರೆ... ತಂತಿ ಮೇಲೆ.

...

ಕಿರುಚಬೇಡ, ಕಿವಿ ನನ್ನದು. ಇನ್ನೆಲ್ಲಿ ಹಾಕಬೇಕಿತ್ತು, ಬ್ಯಾಂಕ್ ಲಾಕರಲ್ಲಾ?

...

ಹಾಂ, ಅದೇ ಪದ್ಧತಿ ಇನ್ನೂ ನಡೀತಿದೆ. ಆಟದ ಹಿಂದಿನ ದಿನ ಕೋಚು ಆಟಗಾರರ ಹೆಸರಿನ ಪಟ್ಟಿ ತಂದುಕೊಡ್ತಾನೆ. ಶುರುವಿಂದ ಆಡೋ ಹನ್ನೊಂದು ಜನರ ಅಂಗಿ ಬೀದಿ ಕಡೆಯ ಮುಂದಿನ ತಂತಿಗೆ, ಬೆಂಚಿನವರದ್ದು ಹಿಂದಿನ ತಂತಿಗೆ. ಐದು ಗಂಟೆಗೆ ನೋಟೀಸು ಅಂಟಿಸೋ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿರುತ್ತೆ. ನಿನಗೆ ಬೇಕಾಗಿರೋದೂ ಅದೇ, ಅಲ್ವಾ? ಎಲಾಸ್ಟಿಕ್ಕು ಗಿಲಾಸ್ಟಿಕ್ಕು ಎಲ್ಲ ನೆಪ. ನನ್ನ ಅಂಗಿ ಯಾವ ತಂತಿಲಿದೆ ದೊಡ್ಡಮ್ಮ ಅಂತ ನೆಟ್ಟಗೆ ಕೇಳೋಕೆ ನಾಚಿಕೆ.

...

ಹೇಳ್ತೀನಿ, ಕೇಳು. ಹನ್ನೆರಡಕ್ಕೆ ಕೋಚು ಬಂದ. ಬಂದವನ ಕಣ್ಣು ಮೊದಲು ಬಿದ್ದಿದ್ದೇ ಆ ಎಲಾಸ್ಟಿಕ್ ಮೇಲೆ. ಯಾರದಿದು ಅಂದ. ನನ್ನದು ಅಂದೆ.

...

ನಿನಗೋಸ್ಕರನೇ ಹೇಳಿದ್ದು ಸುಳ್ಳು, ಇನ್ಯಾರಿಗೋಸ್ಕರ? ಎಲ್ಲಿ, ಹಾಕ್ಕೊಂಡು ತೋರಿಸಜ್ಜಿ ಅಂದ. ಹಾಕ್ಕೊಂಡೆ. ಎರಡು ಹೆಜ್ಜೆ ಇಟ್ಟೆ, ಕಾಲ್ಗೆಜ್ಜೆ ಥರ ಹಿಮ್ಮಡಿಗೆ ಜಾರಿ ಕೂತ್ಕೊಳ್ತು. ಆ ಮನುಷ್ಯ ನಗೋದನ್ನ ನಾನು ಆರು ವರ್ಷದಲ್ಲಿ ನೋಡಿದ್ದು ಅದೊಂದೇ ಸಲ. ನಕ್ಕು ಮುಗಿಸಿ ಆ ಎಲಾಸ್ಟಿಕ್ಕನ್ನ ಜೇಬಿಗೆ ಹಾಕ್ಕೊಂಡ.

...

ಹೆಸರು ನಾನು ಹೇಳಲಿಲ್ಲ, ಅವನೂ ಕೇಳಲಿಲ್ಲ. ಅವನು ಕೊಟ್ಟ ಆಟಗಾರರ ಪಟ್ಟೀಲಿ ಮಾತ್ರ ಹತ್ತೇ ಹೆಸರು. ಮುಂದಿನ ತಂತಿಲಿ ಹತ್ತು ಅಂಗಿ, ಪಕ್ಕದಲ್ಲಿ ಎರಡು ಖಾಲಿ ಕ್ಲಿಪ್ಪು. ಬೀದೀಲಿ ದೊಡ್ಡ ಗಲಾಟೆ. ಬಸ್ಸಿನ ಡ್ರೈವರು ಬ್ರೇಕ್ ಹಾಕಿ, ಪ್ರಯಾಣಿಕರನ್ನೆಲ್ಲ ಸೇರಿಸ್ಕೊಂಡು ಎರಡೆರಡು ಸಲ ಎಣಿಸಿ ಹೋದ. ಟೀ ಅಂಗಡಿಯವನು ಕುರ್ಚಿನೇ ಈ ಕಡೆ ತಿರುಗಿಸ್ಕೊಂಡಿದ್ದಾನೆ.

...

ನಿನ್ನ ಅಂಗಿ ನನ್ನ ಹೆಗಲ ಮೇಲಿದೆ. ಇನ್ನೂ ಯಾವ ತಂತಿಗೂ ಹೋಗಿಲ್ಲ. ಕೋಚು ಹೋಗ್ತಾ ಒಂದು ಮಾತು ಹೇಳಿದ. "ಈ ಎಲಾಸ್ಟಿಕ್ಕಿನ ಯಜಮಾನ ಐದರೊಳಗೆ ತಾನಾಗೇ ಮೇಲೆ ನನ್ನ ರೂಮಿಗೆ ಬಂದು ಬಾಯಿ ಬಿಟ್ರೆ, ಆಮೇಲಿನದು ನಾವಿಬ್ಬರೂ ಕೂತು ಮಾತಾಡ್ತೀವಿ. ಮುಚ್ಚಿಟ್ಟು ಮೈದಾನಕ್ಕಿಳಿದ್ರೆ, ಈ ಕ್ಲಬ್ಬಲ್ಲಿ ಅವನ ಅಂಗಿ ಯಾವ ತಂತಿ ಮೇಲೂ ಒಣಗಲ್ಲ." ಇದನ್ನ ಯಾರಿಗೂ ಹೇಳಬೇಡ ಅಂದಿದ್ದಾನೆ. ನಾನು ಹೇಳಿದ್ನಾ? ಹೇಳಿಲ್ಲ ತಾನೆ?

...

ಗೊತ್ತು. ಇದೇ ಕೊನೇ ಕ್ಲಬ್ಬು, ಇಲ್ಲೂ ಬೇಡ ಅಂದ್ರೆ ಮುಂದೆ ಯಾರೂ ಇಲ್ಲ. ಗೊತ್ತು ಕಣೋ. ಅದಕ್ಕೇ ಹೇಳ್ತಿರೋದು.

...

ನಾಳೆ ಒಂದೇ ಆಟನಾ? ನಿಮ್ಮ ದೊಡ್ಡಪ್ಪನೂ ಹಾಗೇ ಅಂದ್ರು. ಎದೆ ಒತ್ತುತ್ತೆ ಅಂತ ಮೂರು ದಿನ ಯಾರಿಗೂ ಹೇಳಲಿಲ್ಲ. ಇವತ್ತೊಂದಿನ ಮೈದಾನಕ್ಕೆ ಸುಣ್ಣದ ಗೆರೆ ಎಳೆದು ಬಂದುಬಿಡ್ತೀನಿ ಕಣೇ ಅಂದ್ರು. ಅರ್ಧ ಗೆರೆ ಎಳೆದ್ರು. ಮಿಕ್ಕ ಅರ್ಧ ಯಾರು ಎಳೆದಿದ್ದು, ನೆನಪಿದೆಯಾ?

...

ಹಾಂ, ನೀನೇ. ಅಳ್ತಾ ಅಳ್ತಾ ಹಾವು ಹರಿದ ಹಾಗೆ ಎಳೆದಿದ್ದೆ. ಎದುರಾಳಿ ಗೋಲ್ ಕೀಪರು ಅದನ್ನ ನೋಡಿ ಈ ಗೆರೆ ಹಿಡಿದು ಹೋದ್ರೆ ಯಾವ ಊರು ಸಿಗುತ್ತೆ ಅಂತ ಕೇಳಿದ್ನಂತೆ. ಸರಿ, ಅದೂ ಅರ್ಧ ಸುಳ್ಳು.

...

ಹಲೋ? ಕುರ್ಚಿ ಎಳೆದ್ಯಾ? ಎದ್ದು ಎಲ್ಲಿಗೆ ಹೊರಟೆ?

...

ಏನದು ಸದ್ದು? ಟಕ್ ಅಂತ ಒಂದು ಜೋರು, ಆಮೇಲೊಂದು ಮೆತ್ತಗೆ. ಬೂಟು ಹಾಕ್ಕೊಂಡು ಮೆಟ್ಟಿಲು ಹತ್ತುತ್ತಿದ್ದೀಯಾ? ಯಾವ ಮೆಟ್ಟಿಲು? ಕ್ಲಬ್ ಕಟ್ಟಡದಲ್ಲಿ ಮೇಲಿರೋದು ಕೋಚಿನ ರೂಮೊಂದೇ ಅಲ್ವಾ?

...

ಕಂಬಿ ಹಿಡ್ಕೊಂಡು ಹತ್ತೋ. ನನ್ನ ಹತ್ರ ಏನು ಮುಚ್ಚಿಡೋದು. ಹೋಗಿ ಏನಂತ ಹೇಳ್ತೀಯ?

...

ಅಷ್ಟೇ ಹೇಳು. ಮಣ್ಣು ಕರೀತು ಗಿರೀತು ಅನ್ನಬೇಡ, ಮಂಡಿ ತಿರುಗಿದೆ ಅನ್ನು ಸಾಕು. ಇನ್ನೊಂದು ವಿಷಯ ಹೇಳೋಕೆ ಮರ್ತೆ. ಅವನ ಕಿಟಕಿ ನನ್ನ ಅಂಗಳಕ್ಕೆ ನೆಟ್ಟಗೆ ಕಾಣುತ್ತೆ. ನಾನು ಅವನಿಗೆ ಹೇಳಿಟ್ಟಿದ್ದೆ, ನನಗೂ ಬಟ್ಟೆ ತೆಗೆಯೋ ಹೊತ್ತಾಗುತ್ತಪ್ಪ, ಮುಂದಿನ ತಂತಿಗಾದ್ರೆ ಕೈ ಎತ್ತು, ಹಿಂದಿನ ತಂತಿಗಾದ್ರೆ ಕಿಟಕಿ ಮುಚ್ಚು ಅಂತ.

...

ತಡಿ, ತಡಿ, ಬಾಗಿಲು ಈಗಲೇ ತಟ್ಟಬೇಡ. ಕಿಟಕಿಗೆ ಬಂದ. ನಿನ್ನ ಕುಂಟು ಹೆಜ್ಜೆ ಅವನಿಗೂ ಕೇಳಿಸಿರಬೇಕು. ನೀನಿನ್ನೂ ಬಾಯೇ ಬಿಟ್ಟಿಲ್ಲ, ಅವನಾಗಲೇ ನನ್ನ ಕಡೆ ನೋಡ್ತಿದ್ದಾನೆ. ಇಲ್ಲಿ ಟೀ ಅಂಗಡಿಯವನು ಕುರ್ಚಿ ಬಿಟ್ಟು ಎದ್ದು ನಿಂತ. ನಾನು ನಿನ್ನ ಅಂಗಿ ಹೆಗಲಿಂದ ತೆಗೆದು ಕೊಡವಿದೆ ಕಣೋ, ಕೇಳಿಸ್ತಾ? ಯಾವ ತಂತಿಗೆ ಅಂತೀಯ? ನಾನ್ಯಾಕೆ ಹೇಳಲಿ, ನೀನೇ ಊಹಿಸು ನೋಡೋ...