ಬಚ್ಚಲ ಬಾಗಿಲಿಗೆ ಯಾವ ಸ್ಕ್ರೂ

ದೇವರ ಮುಂದಿನ ತೂಗುದೀಪಕ್ಕೆ ಒಂದು ಕೊಕ್ಕೆ ಬೇಕಾಗಿತ್ತು. ಗೋವಾದ ಪರ್ವರಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸರದಿಗೆ ಕಾಯುತ್ತಿದ್ದೆ. ನನ್ನ ಮುಂದೆ ನಮ್ಮ ಕಡೆಯ ಗಂಡ ಹೆಂಡತಿ ನಿಂತಿದ್ದರು. ಗಂಡನ ಅಂಗೈಯಲ್ಲಿ ತಲೆಯ ಮೇಲೆ ಪ್ಲಸ್ ಗೀರಿದ್ದ ನಾಲ್ಕು ಸ್ಕ್ರೂಗಳಿದ್ದವು.

“ಮೈನಸ್ ಗೀರಿಂದು ಬ್ಯಾಡ ಅಂದಿ, ಪ್ಲಸ್ ತಂದು ಹಾಕಿದೆ. ಆದ್ರೂ ಬಚ್ಚಲ ಬಾಗಿಲ ಮುಚ್ಚವಲ್ದು. ಯಾಕ?” ಎಂದ ಅವನು.

“ನನ್ನ ಕೇಳಿದ್ರ? ಮೂರು ದಿನದಿಂದ ಪಲ್ಲವಿ ಜಳಕಾ ಮಾಡೂತನಕ ನಾ ಹೊರಗ ಬಾಗಿಲ ಹಿಡಕೊಂಡು ನಿಂದರಾಕತ್ತೇನಿ. ನಾಳಿಂದ ನನಗ ವೆರ್ಣಾದ ಫ್ಯಾಕ್ಟರಿಯಾಗ ಬೆಳಗಿನ ಪಾಳಿ. ಆ ಚಾಳಿನಾಗ ಮಗಳಿಗೆ ಯಾರು ಬಾಗಿಲ ಹಿಡೀತಾರ್ರೀ?”

“ಹಂಗಾರ ಸ್ಟಾರ್ ಗೀರಿಂದು ಕೇಳೂಣೇನು?”

“ಗೀರು ಎಂಥಾದರ ಇರಲಿ, ಅದು ತಿರುವಾಕಷ್ಟ. ಇದರ ತಲಿ ನೋಡ್ರಿ, ಬೋಂಡಾದಂಗ ಉಬ್ಬೇತಿ. ಬಾಗಿಲ ಬಿಜಾಗರಿ ಮಡಚಿದ್ರ ತಲಿಗೆ ತಲಿ ಬಡೀತೈತಿ.”

“ಮತ್ತೇನು, ತಲಿ ಇಲ್ಲದ್ದು ಕೊಡು ಅನ್ನಲೇನು?”

ಹೆಂಡತಿ ಕೌಂಟರಿನ ಮೇಲಿದ್ದ ಹೊಸ ಬಿಜಾಗರಿಯ ತೂತಿಗೆ ಚಪ್ಪಟೆ ತಲೆಯ ಸ್ಕ್ರೂ ಒಂದನ್ನು ಇಳಿಸಿ, ಅದರ ಮೇಲೆ ಹೆಬ್ಬೆರಳು ಎಳೆದಳು. ಬೆರಳಿಗೆ ಏನೂ ತಡೆಯಲಿಲ್ಲ.

“ನೋಡ್ರಿ, ಒಳಗ ಕುಂತಿತು.”

“ಆದ್ರ ಇದಕ್ಕ ಮೈನಸ್ ಗೀರು ಐತಲ್ಲ!”

“ಅಯ್ಯ, ಇರಲಿ ಬಿಡ್ರಿ!”

“ನನಗಂತೂ ಒಂದೂ ತಿಳೀವಲ್ದು. ಇದನ್ನ ಹಾಕಿದ ಮ್ಯಾಲೂ ಮುಚ್ಚಲಿಲ್ಲಂದ್ರ?”

ಹೊಸ ಸ್ಕ್ರೂಗಳ ಪೊಟ್ಟಣವನ್ನು ಮುಷ್ಟಿಯಲ್ಲಿ ಹಿಡಿದು ಮೆಟ್ಟಿಲಿಳಿಯುತ್ತ ಅವಳೆಂದಳು:

“ಅದಕ್ಕ ಇವತ್ತ ಮೊದಲ ಜಳಕಾ ನಂದು. ಪಲ್ಲವಿ ಒಳಗ ಹೋಗೂದು ಆಮ್ಯಾಲೆ.”